ಕಾಫಿ ಹೊಟ್ಟೋ, ತೆಂಗಿನ ಚಿಪ್ಪೋ? ಕೊಡಗಿನಲ್ಲಿ ಸಕ್ರಿಯ ಇಂಗಾಲ ಮಾಡಹೊರಟವರಿಗೆ

50 ಕೆ.ಜಿ.ಯ ಒಂದು ಚೀಲ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಹಲ್ಲರ್ ಎಂಬ ಸುಲಿಯುವ ಯಂತ್ರಕ್ಕೆ ಹೋದರೆ ಸಿಗುವುದು 26–28 ಕೆ.ಜಿ. ಕಾಫಿ ಬೀಜ. ಓಟಿ ಎಂದು ವ್ಯಾಪಾರಿ ಲೆಕ್ಕ ಹಾಕುವುದು ಅದನ್ನೇ. ಉಳಿದ ಇಪ್ಪತ್ತೆರಡು ಚಿಲ್ಲರೆ ಕೆ.ಜಿ. ಹೊಟ್ಟು. ಗೋಣಿಕೊಪ್ಪ, ಸಿದ್ದಾಪುರ, ಸುಂಟಿಕೊಪ್ಪದ ಹಲ್ಲರ್‌ಗಳ ಹಿಂದೆ ಮಾರ್ಚ್ ಹೊತ್ತಿಗೆ ಇದರ ಗುಡ್ಡೆಗಳೇ ಏಳುತ್ತವೆ. ಇಷ್ಟು ಬಿದ್ದಿರುವಾಗ ಇದರಿಂದಲೇ ಸಕ್ರಿಯ ಇಂಗಾಲ ಮಾಡಿ ನೀರು ಶುದ್ಧ ಮಾಡಬಹುದಲ್ಲ ಎಂಬ ಯೋಚನೆ ಬರುವುದು ಸಹಜ. ಆದರೆ ಗುಡ್ಡೆ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಚೆರಿ ಹೊಟ್ಟನ್ನು ಆರಿಸಿದರೆ ಕೈ ಸುಟ್ಟುಕೊಳ್ಳುವುದು ಹೆಚ್ಚುಕಡಿಮೆ ಖಚಿತ. ನೀರಿನಿಂದ ಏನು ತೆಗೆಯಬೇಕು ಎಂದು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ಎಂಥ ರಂಧ್ರ ಬೇಕು, ಆ ರಂಧ್ರ ಯಾವ ವಿಧಾನದಿಂದ ಬರುತ್ತದೆ, ಆ ವಿಧಾನಕ್ಕೆ ಯಾವ ಕಚ್ಚಾವಸ್ತು ಒಗ್ಗುತ್ತದೆ ಎಂದು ಹಿಂದಿನಿಂದ ಲೆಕ್ಕ ಹಾಕುತ್ತ ಬರಬೇಕು.

ಮೊದಲು ಕೆಲಸ ಯಾವುದು?

ಇದ್ದಿಲಿಗೂ ಸಕ್ರಿಯ ಇಂಗಾಲಕ್ಕೂ ಇರುವ ವ್ಯತ್ಯಾಸವೆಲ್ಲ ಒಳಗಿನ ರಂಧ್ರಗಳದ್ದು. ಮಾಮೂಲಿ ಇದ್ದಿಲಿನಲ್ಲಿ ರಂಧ್ರಗಳಿದ್ದರೂ ಟಾರಿನಿಂದ ಮುಚ್ಚಿಕೊಂಡಿರುತ್ತವೆ. ಬಿಸಿ ಹಬೆಯಿಂದಲೋ ಆಮ್ಲದಿಂದಲೋ ಸಕ್ರಿಯಗೊಳಿಸಿದಾಗ ಅವು ತೆರೆದುಕೊಳ್ಳುತ್ತವೆ, ಹೊಸವೂ ಹುಟ್ಟುತ್ತವೆ. 2 ನ್ಯಾನೋಮೀಟರ್‌ಗಿಂತ ಕಿರಿದಾದವು ಸೂಕ್ಷ್ಮರಂಧ್ರ, 2ರಿಂದ 50ರವರೆಗಿನವು ಮಧ್ಯರಂಧ್ರ. ಕ್ಲೋರಿನ್, ವಾಸನೆ, ಅನೇಕ ಕೀಟನಾಶಕಗಳ ಅಣುಗಳು ಸಣ್ಣವು, ಅವಕ್ಕೆ ಸೂಕ್ಷ್ಮರಂಧ್ರ ಬೇಕು. ಪಲ್ಪರ್ ನೀರಿನ, ಅಂದರೆ ಹಸಿ ಕಾಫಿ ಹಣ್ಣು ಸುಲಿಯುವ ಯಂತ್ರದಿಂದ ಬರುವ ನೀರಿನ, ಕಂದು ಬಣ್ಣ ದೊಡ್ಡ ಅಣುಗಳದ್ದು. ಸೂಕ್ಷ್ಮರಂಧ್ರದ ಬಾಯಿಗೇ ಅವು ತೂರುವುದಿಲ್ಲವಾದ್ದರಿಂದ ಅಲ್ಲಿ ಮಧ್ಯರಂಧ್ರ ಇರಬೇಕು.

ಇಂಗಾಲದ ಕೈಯಲ್ಲಿ ಆಗದ ಕೆಲಸಗಳೂ ಇವೆ. ಗಡಸುತನ, ನೈಟ್ರೇಟ್ ಹೋಗುವುದಿಲ್ಲ. ಫ್ಲೋರೈಡ್ ಕೂಡ ಮಾಮೂಲಿ ಸಕ್ರಿಯ ಇಂಗಾಲಕ್ಕೆ ಬಗ್ಗುವುದಿಲ್ಲ. ಬ್ಯಾಕ್ಟೀರಿಯಾ ಸಾಯುವುದಿರಲಿ, ಇಂಗಾಲದ ಹಾಸಿನ ಮೇಲೆ ಬೇರೂರಿ ಬೆಳೆಯುತ್ತವೆ. ಕುಡಿಯುವ ನೀರಾದರೆ ಇಂಗಾಲದ ನಂತರ ಯುವಿ ದೀಪವೋ ಕುದಿಸುವುದೋ ಇದ್ದೇ ಇರಬೇಕು. ಕೊಡಗಿನ ಎಷ್ಟೋ ಬಾವಿ, ಬೋರ್‌ವೆಲ್‌ಗಳಲ್ಲಿ ಕಾಡುವುದು ಕಬ್ಬಿಣ. ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು ಬೆಳಗಾಗುವಷ್ಟರಲ್ಲಿ ಕೆಂಪಗಾಗಿ ತಳದಲ್ಲಿ ತುಕ್ಕಿನ ಬಣ್ಣದ ಗಸಿ ನಿಂತಿದ್ದರೆ ಅಂಥ ನೀರನ್ನು ನೇರ ಇಂಗಾಲಕ್ಕೆ ಬಿಡಬೇಡಿ. ಗಸಿ ಕಣಗಳ ಮೇಲೆ ಕೂತು ರಂಧ್ರಗಳ ಬಾಯಿ ಕಟ್ಟುತ್ತದೆ. ಮೊದಲು ಗಾಳಿಯಾಡಿಸಿ ಮರಳಿನಲ್ಲಿ ಸೋಸಿ, ಇಂಗಾಲ ಆಮೇಲೆ.

ಪಲ್ಪರ್ ನೀರಿನದು ಇನ್ನೊಂದು ಕಥೆ. ಹಸಿ ಹಣ್ಣು ಸುಲಿದ ನೀರು ಹುಳಿ, ಅದರ ಪಿಎಚ್ 4ರ ಆಸುಪಾಸು. ಅದರಲ್ಲಿರುವ ಹೊರೆಯಲ್ಲಿ ಬಹುಪಾಲು ಸಕ್ಕರೆ ಮತ್ತು ಪೆಕ್ಟಿನ್. ಸಕ್ಕರೆಯನ್ನು ಇಂಗಾಲ ಸರಿಯಾಗಿ ಹಿಡಿಯುವುದೇ ಇಲ್ಲ. ಕಚ್ಚಾ ಪಲ್ಪರ್ ನೀರಿಗೆ ಇಂಗಾಲ ಸುರಿದರೆ ಇಂಗಾಲವೂ ಹಾಳು, ನೀರೂ ಹಾಗೇ. ಸುಣ್ಣ ಹಾಕಿ ಹುಳಿ ಮುರಿಯಬೇಕು, ಗಸಿ ಕೂರಿಸಬೇಕು, ಗಾಳಿಯಿಲ್ಲದ ತೊಟ್ಟಿ, ಗಾಳಿಯಾಡುವ ತೊಟ್ಟಿ ಎರಡನ್ನೂ ದಾಟಿಸಬೇಕು. ಕೊನೆಗೆ ಉಳಿಯುವ ಚಹಾದ ಬಣ್ಣ ತೆಗೆಯಲು ಮಾತ್ರ ಇಂಗಾಲ. ಈ ಕ್ರಮ ತಪ್ಪಿಸಿದರೆ ಯಾವ ಕಚ್ಚಾವಸ್ತುವಿನ ಇಂಗಾಲವೂ ಉಪಯೋಗಕ್ಕೆ ಬಾರದು.

ಕಚ್ಚಾವಸ್ತುಗಳನ್ನು ಎದುರುಬದುರು ಇಟ್ಟರೆ

ತೆಂಗಿನ ಚಿಪ್ಪು ಗಟ್ಟಿ. ಬೂದಿ ಶೇ. 1ಕ್ಕಿಂತ ಕಡಿಮೆ, ಲಿಗ್ನಿನ್ ಹೆಚ್ಚು. ಹಬೆಯಲ್ಲಿ ಸಕ್ರಿಯಗೊಳಿಸಿದಾಗ ಬಹುತೇಕ ಸೂಕ್ಷ್ಮರಂಧ್ರಗಳೇ ಬರುತ್ತವೆ, ಕಣ ಒಡೆಯುವುದಿಲ್ಲ. ಫಿಲ್ಟರ್ ಟ್ಯಾಂಕಿಗೆ ತುಂಬುವ ಹರಳು ಇಂಗಾಲಕ್ಕೆ ಇದಕ್ಕೆ ಸಾಟಿಯಿಲ್ಲ. ತೊಡಕೆಂದರೆ ಕೊಡಗು ತೆಂಗಿನ ಸೀಮೆಯಲ್ಲ. ಸಂಪಾಜೆ ಕಡೆ ಒಂದಿಷ್ಟು ಸಿಕ್ಕೀತು, ಉಳಿದದ್ದು ತಿಪಟೂರು, ಅರಸೀಕೆರೆ ಕಡೆಯಿಂದ ಲಾರಿಯಲ್ಲಿ ಬರಬೇಕು. ಅಲ್ಲಿಗೆ ‘ನಮ್ಮ ತೋಟದ ತ್ಯಾಜ್ಯ’ ಎಂಬ ಮಾತು ಮುಗಿಯಿತು.

ಚೆರಿ ಹೊಟ್ಟಿನಲ್ಲಿ ಸಿಪ್ಪೆ, ಒಣಗಿದ ತಿರುಳು, ಬೀಜವನ್ನು ಸುತ್ತಿರುವ ಪಾರ್ಚ್‌ಮೆಂಟ್ ಪದರ ಎಲ್ಲ ಸೇರಿರುತ್ತವೆ. ಬೂದಿ ಹೆಚ್ಚು, ಅದರಲ್ಲಿ ಪೊಟ್ಯಾಷಿಯಂ ಧಾರಾಳ. ಹಬೆ ಬಿಟ್ಟಾಗ ಪೊಟ್ಯಾಷಿಯಂ ವೇಗವರ್ಧಕವಾಗಿ ಕೆಲಸ ಮಾಡಿ ಇಂಗಾಲವನ್ನು ಅಂಕೆಯಿಲ್ಲದೆ ಸುಡುತ್ತದೆ. ಒಂದು ಕಡೆ ಅರೆಬೆಂದ ಇದ್ದಿಲು, ಪಕ್ಕದಲ್ಲೇ ಬಿಳಿ ಬೂದಿ. ಮೊದಲೇ ತೊಳೆದು ಪೊಟ್ಯಾಷಿಯಂ ತೆಗೆಯಬಹುದು. 1 ಕೆ.ಜಿ. ಹೊಟ್ಟಿಗೆ 10 ಲೀಟರ್ ನೀರು, ರಾತ್ರಿಯಿಡೀ ನೆನೆಸಿ, ಎರಡು ಸಲ. ಆಗ ಬಸಿದ ಕಂದು ನೀರೇ ಇನ್ನೊಂದು ತ್ಯಾಜ್ಯವಾಗುತ್ತದೆ. ಅದನ್ನು ತೋಡಿಗೆ ಬಿಡುವ ಹಾಗಿಲ್ಲ, ಗೊಬ್ಬರದ ಗುಂಡಿಗೇ ಹೋಗಬೇಕು. ಅಷ್ಟಕ್ಕೂ ಆ ಪೊಟ್ಯಾಷಿಯಂಗಾಗಿಯೇ ಚೆರಿ ಹೊಟ್ಟು ಒಳ್ಳೆಯ ಗೊಬ್ಬರ. ತೋಟಕ್ಕೆ ವಾಪಸ್ ಹೋಗಬೇಕಾದ್ದನ್ನು ಸುಟ್ಟು ಆಮೇಲೆ ಪೊಟ್ಯಾಷ್ ಚೀಲ ಕೊಂಡು ತರುವುದು ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ.

ಪಾರ್ಚ್‌ಮೆಂಟ್ ಹೊಟ್ಟು ಬೇರೆಯದೇ ಜಾತಿ. ತಿರುಳು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ಕ್ಯೂರಿಂಗ್ ವರ್ಕ್ಸ್ ಎಂಬ ಕಾಫಿ ಸಂಸ್ಕರಣಾ ಘಟಕದಲ್ಲಿ ಸುಲಿದಾಗ ತೂಕದ ಸುಮಾರು ಐದನೇ ಒಂದು ಪಾಲು ಈ ತೆಳು, ಹಳದಿ, ಕಾಗದದಂಥ ಚೂರಾಗಿ ಬೀಳುತ್ತದೆ. ಕುಶಾಲನಗರದ ಕಡೆ ಇದು ಒಂದೇ ಜಾಗದಲ್ಲಿ, ಒಣಗಿದ ಸ್ಥಿತಿಯಲ್ಲೇ ಸಿಗುತ್ತದೆ. ತಿರುಳು ಆಗಲೇ ತೊಳೆದು ಹೋಗಿರುವುದರಿಂದ ಬೂದಿ ಚೆರಿ ಹೊಟ್ಟಿಗಿಂತ ಬಹಳ ಕಡಿಮೆ. ಗೊಬ್ಬರವಾಗಿ ಬೆಲೆಯಿಲ್ಲ, ಬೇಗ ಕೊಳೆಯುವುದೂ ಇಲ್ಲ. ಪುಡಿ ಇಂಗಾಲಕ್ಕೆ ಕೊಡಗಿನಲ್ಲಿ ಇದಕ್ಕಿಂತ ಅನುಕೂಲದ ವಸ್ತು ಇನ್ನೊಂದಿಲ್ಲ. ಹರಳು ಮಾತ್ರ ಇದರಿಂದ ಆಗುವುದಿಲ್ಲ. ಚೂರು ಅಷ್ಟು ತೆಳ್ಳಗಿರುತ್ತದೆ, ಸುಟ್ಟ ಮೇಲೆ ಬೆರಳಲ್ಲಿ ಹಿಸುಕಿದರೆ ಮಸಿ.

ಗದ್ದೆಗಳು ಅಡಿಕೆ ತೋಟವಾಗುತ್ತಿರುವ ಕಡೆಗಳಲ್ಲಿ ಅಡಿಕೆ ಸಿಪ್ಪೆ ಧಾರಾಳ. ನಾರು ಹೆಚ್ಚು, ತೂಕ ಕಡಿಮೆ, ಒಣಗಿಸಲು ಜಾಗ ಬಹಳ ಬೇಡುತ್ತದೆ. ಆಮ್ಲದ ವಿಧಾನದಲ್ಲಿ ಪಾರ್ಚ್‌ಮೆಂಟ್ ಹೊಟ್ಟಿನ ಹತ್ತಿರಕ್ಕೆ ಬರುತ್ತದೆ. ನಾರನ್ನು 1–2 ಸೆಂ.ಮೀ.ಗೆ ಕತ್ತರಿಸದಿದ್ದರೆ ಆಮ್ಲ ಒಂದೇ ಸಮ ಹಿಡಿಯುವುದಿಲ್ಲ. ಪಾರ್ಚ್‌ಮೆಂಟ್ ಹೊಟ್ಟು ಸಿಗದಿದ್ದಾಗ ಎರಡನೇ ಆಯ್ಕೆ ಇದು.

ಭತ್ತದ ಉಮಿಯನ್ನು ಕೈಬಿಡಿ. ಶೇ. 15–20ರಷ್ಟು ಬೂದಿ, ಬಹುತೇಕ ಸಿಲಿಕಾ. ಇದ್ದಿಲಾದಾಗ ಅದು ಶೇ. 40ರ ಹತ್ತಿರ ಬರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಸಿಲಿಕಾ ತೆಗೆಯಬೇಕು, ಅಷ್ಟು ರಗಳೆ ಯಾಕೆ?

ಕಿತ್ತುಹಾಕಿದ ಹಳೇ ಕಾಫಿ ಗಿಡದ ಬುಡ, ಕಪಾತಿನಲ್ಲಿ ಬಿದ್ದ ದಪ್ಪ ರೆಂಬೆ ಇವುಗಳ ಮೇಲೆ ಯಾಕೋ ಹೆಚ್ಚಿನವರ ಕಣ್ಣು ಬೀಳುವುದಿಲ್ಲ. ಕಾಫಿ ಮರ ಸಾಂದ್ರ, ಅದರ ಇದ್ದಿಲು ಗಟ್ಟಿ. ತೆಂಗಿನ ಚಿಪ್ಪಿನಷ್ಟಲ್ಲದಿದ್ದರೂ ಹರಳು ಇಂಗಾಲಕ್ಕೆ ಊರಲ್ಲೇ ಸಿಗುವ ವಸ್ತುಗಳಲ್ಲಿ ಮೊದಲ ಸ್ಥಾನ ಇದಕ್ಕೇ. ಮರಗಸಿಯಲ್ಲಿ, ಅಂದರೆ ನೆರಳು ಮರಗಳನ್ನು ಸವರುವಾಗ, ಬಿದ್ದ ಸಿಲ್ವರ್ ಓಕ್ ರೆಂಬೆ ಹಗುರ, ಇದ್ದಿಲು ಬೇಗ ಪುಡಿಯಾಗುತ್ತದೆ. ಇದ್ದಿಲನ್ನು ತೋಟದ ಹೊರಗೆ ಸಾಗಿಸುವುದಿದ್ದರೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಗಾಡಿಗೆ ಹಾಕಿ.

ಯಾವುದೇ ಆಗಲಿ, ತೇವ ಶೇ. 10–12ಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಒಲೆಯ ಶಾಖವೆಲ್ಲ ನೀರು ಆವಿ ಮಾಡುವುದಕ್ಕೇ ಹೋಗುತ್ತದೆ, ಹೊಗೆ ಹೆಚ್ಚುತ್ತದೆ, ಟಾರು ಕಣಗಳ ಮೇಲೆ ಅಂಟುತ್ತದೆ. ಕಾಫಿ ಒಣಗಿಸುವ ಕಣ ಖಾಲಿಯಾದ ಮಾರ್ಚ್–ಏಪ್ರಿಲ್‌ನಲ್ಲೇ ವರ್ಷದ ಕಚ್ಚಾವಸ್ತು ಒಣಗಿಸಿ ಟಾರ್ಪಾಲಿನ ಕೆಳಗೆ, ನೆಲದಿಂದ ಎತ್ತರಿಸಿ ಇಡಬೇಕು. ಜೂನ್ ಹಿಡಿದ ಮೇಲೆ ಮಡಿಕೇರಿಯಲ್ಲಿ ಹೊಟ್ಟು ಒಣಗಿಸುತ್ತೇನೆ ಎನ್ನುವವರಿಗೆ ನಮಸ್ಕಾರ.

ಹಬೆಯೋ, ಆಮ್ಲವೋ?

ಹಬೆ ವಿಧಾನದಲ್ಲಿ ರಾಸಾಯನಿಕ ಬೇಡ, ತೊಳೆಯುವ ರಗಳೆ ಇಲ್ಲ. ಆದರೆ 850–950° ಸೆಲ್ಸಿಯಸ್ ಬೇಕು, ಇಳುವರಿ ಕಡಿಮೆ. ಆಮ್ಲ ವಿಧಾನಕ್ಕೆ 450–500° ಸಾಕು, ಇಳುವರಿ ಶೇ. 40ರ ಮೇಲೆ, ಮಧ್ಯರಂಧ್ರಗಳು ಚೆನ್ನಾಗಿ ಬರುತ್ತವೆ. ದುಡ್ಡು ಆಮ್ಲಕ್ಕೆ ಹೋಗುತ್ತದೆ, ಶ್ರಮ ತೊಳೆಯುವುದಕ್ಕೆ. ಗಟ್ಟಿ ವಸ್ತುವಿಗೆ ಹಬೆ, ಹೊಟ್ಟು ನಾರಿಗೆ ಆಮ್ಲ ಎಂದುಕೊಂಡರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ.

ಆಮ್ಲವೆಂದರೆ ಇಲ್ಲಿ ಫಾಸ್ಫಾರಿಕ್ ಆಮ್ಲ ಮಾತ್ರ. ಜಿಂಕ್ ಕ್ಲೋರೈಡ್ ಕೂಡ ಒಳ್ಳೆಯ ರಂಧ್ರ ಕೊಡುತ್ತದೆ, ಆದರೆ ಸತು ಇಂಗಾಲದಲ್ಲಿ ಉಳಿದು ನೀರಿಗೆ ಇಳಿಯುತ್ತದೆ. ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಕೊಡುವಷ್ಟು ಮೇಲ್ಮೈ ಇನ್ಯಾವುದೂ ಕೊಡದು, ನಿಜ. ಆದರೆ ಆ ವಿಧಾನದ ಬಿಸಿಯಲ್ಲಿ ಲೋಹರೂಪದ ಪೊಟ್ಯಾಷಿಯಂ ಹುಟ್ಟುತ್ತದೆ, ನೀರು ತಾಗಿದರೆ ಹೊತ್ತಿಕೊಳ್ಳುತ್ತದೆ. ಪ್ರಯೋಗಾಲಯದ ಹೊರಗೆ ಅದರ ಸಹವಾಸ ಬೇಡ.

ಪಾರ್ಚ್‌ಮೆಂಟ್ ಹೊಟ್ಟು, ಫಾಸ್ಫಾರಿಕ್ ಆಮ್ಲ

ಪ್ರತಿ 1 ಕೆ.ಜಿ. ಒಣ ಹೊಟ್ಟಿಗೆ 1 ಕೆ.ಜಿ. ಶುದ್ಧ ಆಮ್ಲ ಎಂದು ಲೆಕ್ಕ. ಮಾರುಕಟ್ಟೆಯ ಶೇ. 85ರ ಆಮ್ಲವಾದರೆ 1.18 ಕೆ.ಜಿ., ಅಂದರೆ ಸುಮಾರು 700 ಮಿ.ಲೀ. ಅದನ್ನು 1.8 ಲೀಟರ್ ನೀರಿಗೆ ನಿಧಾನ ಸುರಿಯಿರಿ. ಆಮ್ಲವನ್ನು ನೀರಿಗೆ, ನೀರನ್ನು ಆಮ್ಲಕ್ಕಲ್ಲ. ಕೈಗವಸು, ಕನ್ನಡಕ ಇರಲಿ. ಈ ದ್ರಾವಣದಲ್ಲಿ ಹೊಟ್ಟು ಪೂರ್ತಿ ತೋಯುವಂತೆ ಕಲಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದು ದಿನ ಬಿಡಬೇಕು. ಆಮೇಲೆ 100–110°ಯಲ್ಲಿ ನೀರಿನಂಶ ಹಾರಿಸಬೇಕು. ಈ ಹೊತ್ತಿಗೆ ಹೊಟ್ಟು ಕಪ್ಪಾಗಿ ಮೆತ್ತಗಾಗಿರುತ್ತದೆ. ಒಲೆಗೆ ಹಾಕುವ ಮೊದಲೇ ಸುಟ್ಟುಹೋಯಿತೇನೋ ಎನಿಸುತ್ತದೆ, ಗಾಬರಿ ಬೇಡ. ಆಮ್ಲ ನಾರನ್ನು ಬಿಡಿಸುತ್ತಿದೆ ಎಂದರ್ಥ.

150ರಿಂದ 200° ನಡುವೆ ಅದು ಬೆಲ್ಲದ ಪಾಕದ ಹದಕ್ಕೆ ಬಂದು ಉಬ್ಬುತ್ತದೆ. ಹೆಚ್ಚಿನ ತಯಾರಿ ಕೆಡುವುದು ಇಲ್ಲೇ. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಉಕ್ಕಿ ಹೊಗೆ ಹೋಗುವ ಕೊಳವೆಗೇ ಏರುತ್ತದೆ, ಕೊಳವೆ ಕಟ್ಟಿದರೆ ಒಳಗೆ ಒತ್ತಡ. ಅರ್ಧವೇ ತುಂಬಿ, ಬಿಸಿಯನ್ನು ನಿಮಿಷಕ್ಕೆ 5°ಯಂತೆ ಮಾತ್ರ ಏರಿಸಿ. 450–500° ತಲುಪಿದ ಮೇಲೆ ಒಂದು ಗಂಟೆ ಹಿಡಿದಿಡಿ. 600° ದಾಟಲು ಬಿಡಬೇಡಿ. ಇನ್ನೂ ಮೇಲೆ ಹೋದರೆ ರಂಧ್ರ ಕುಗ್ಗುತ್ತದೆ, ಬಿಸಿ ಅತಿಯಾದರೆ ಇಂಗಾಲ ಫಾಸ್ಫೇಟನ್ನು ಒಡೆದು ವಿಷಕಾರಿ ರಂಜಕದ ಆವಿ ಬರುತ್ತದೆ. ಕೆಲಸ ಬಯಲಲ್ಲೇ ಆಗಬೇಕು. ಹೊಗೆಯಲ್ಲಿ ಆಮ್ಲದ ಹನಿಗಳಿರುತ್ತವೆ.

ಪಾತ್ರೆಯ ವಿಷಯದಲ್ಲಿ ಜಿಪುಣತನ ನಡೆಯುವುದಿಲ್ಲ. ಮಾಮೂಲಿ ಕಬ್ಬಿಣದ ಡ್ರಮ್ಮನ್ನು ಬಿಸಿ ಆಮ್ಲ ತಿಂದುಹಾಕುತ್ತದೆ, ಕಬ್ಬಿಣ ಇಂಗಾಲಕ್ಕೂ ಸೇರುತ್ತದೆ. ಜಿಂಕ್ ಲೇಪದ್ದು, ಅಲ್ಯೂಮಿನಿಯಂ ಅದಕ್ಕಿಂತ ಕಡೆ. 316 ದರ್ಜೆಯ ಸ್ಟೀಲ್ ಸ್ವಲ್ಪ ಕಾಲ ತಡೆಯುತ್ತದೆ, ಅದರ ತಳವೂ ಕ್ರಮೇಣ ತೆಳುವಾಗುತ್ತದೆ. ಒಳಗೆ ಸಿರಾಮಿಕ್ ಪಾತ್ರೆ, ಹೊರಗೆ ಲೋಹದ ಮುಚ್ಚಿದ ಪೆಟ್ಟಿಗೆ ಎಂಬ ಜೋಡಣೆ ಬಾಳಿಕೆ ಬರುತ್ತದೆ.

ತಣ್ಣಗಾದ ಇಂಗಾಲವನ್ನು ಬಿಸಿನೀರಿನಲ್ಲಿ ತೊಳೆಯಬೇಕು. ಮೊದಲ ತೊಳೆತಕ್ಕೆ ನೀರು ಆದಷ್ಟು ಕಡಿಮೆ ಬಳಸಿ, ಹಾಕಿದ ಆಮ್ಲದ ದೊಡ್ಡ ಪಾಲು ಅದರಲ್ಲೇ ಬರುತ್ತದೆ. ಅದನ್ನು ಚೆಲ್ಲದೆ ಕುದಿಸಿ ಗಟ್ಟಿ ಮಾಡಿ ಮುಂದಿನ ಸಲದ ಹೊಟ್ಟಿಗೆ ಬಳಸಿ. ನಂತರದ ತೊಳೆತಗಳು ಪಿಎಚ್ ಪಟ್ಟಿ 6 ತೋರಿಸುವವರೆಗೆ ನಡೆಯಬೇಕು. ಅರ್ಧಕ್ಕೇ ನಿಲ್ಲಿಸಿದರೆ ಉಳಿದ ಫಾಸ್ಫೇಟ್ ನೀವು ಶುದ್ಧ ಮಾಡಹೊರಟ ನೀರಿಗೇ ಇಳಿದು ತೊಟ್ಟಿಯಲ್ಲಿ ಪಾಚಿ ಬೆಳೆಸುತ್ತದೆ. ಕೊನೆಯ ತೊಳೆತದ ನೀರಿಗೆ ಸುಣ್ಣ ಹಾಕಿದರೆ ಕೂರುವ ಬಿಳಿ ಗಸಿ ಕ್ಯಾಲ್ಷಿಯಂ ಫಾಸ್ಫೇಟ್, ಅದನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಈ ದಾರಿಯ ಖರ್ಚು ಎಲ್ಲಿದೆ ನೋಡಿ. ಸಂಸ್ಕರಿಸಿದ 10,000 ಲೀಟರ್ ಪಲ್ಪರ್ ನೀರಿಗೆ ಲೀಟರಿಗೆ 1 ಗ್ರಾಂ ಎಂದುಕೊಂಡರೂ 10 ಕೆ.ಜಿ. ಪುಡಿ ಬೇಕು. ಅದಕ್ಕೆ ಸುಮಾರು 25 ಕೆ.ಜಿ. ಹೊಟ್ಟು, ಮೊದಲ ಸಲಕ್ಕೆ ಹತ್ತಿರಹತ್ತಿರ 30 ಕೆ.ಜಿ. ಆಮ್ಲ. ಹೊಟ್ಟು ಪುಕ್ಕಟೆ ಸಿಕ್ಕಿತೆಂದು ಇಂಗಾಲ ಪುಕ್ಕಟೆಯಾಗುವುದಿಲ್ಲ. ಆಮ್ಲ ಮರಳಿ ಪಡೆಯುವ ವ್ಯವಸ್ಥೆ ಇಲ್ಲದವರು ಈ ಕೆಲಸಕ್ಕೆ ಇಳಿಯದಿರುವುದೇ ಮೇಲು.

ಚಿಪ್ಪು ಅಥವಾ ಕಾಫಿ ಮರ, ಹಬೆ

ಮೊದಲ ಹಂತ ಇದ್ದಿಲು. ಮುಚ್ಚಿದ ಡ್ರಮ್ಮಿನಲ್ಲಿ 500–600°. ಹೊಗೆಯೇ ಹದ ಹೇಳುತ್ತದೆ. ಮೊದಲು ದಟ್ಟ ಬಿಳಿ, ಅದು ನೀರಿನ ಆವಿ. ಆಮೇಲೆ ಕಣ್ಣುರಿಸುವ ಹಳದಿ, ಅದು ಟಾರು. ಕೊನೆಗೆ ತೆಳು ನೀಲಿಯಾಗಿ ನಿಲ್ಲುತ್ತದೆ. ಹಳದಿ ಇರುವಾಗಲೇ ಒಲೆ ಆರಿಸಿದರೆ ಟಾರು ಉಳಿದು ಮುಂದೆ ಹಬೆಯ ಹಂತದಲ್ಲಿ ಕೊಳವೆ ಕಟ್ಟುತ್ತದೆ. 100 ಕೆ.ಜಿ. ಚಿಪ್ಪಿಗೆ 28–30 ಕೆ.ಜಿ. ಇದ್ದಿಲು. ಅದನ್ನು ಒಡೆದು 1ರಿಂದ 4 ಮಿ.ಮೀ. ಜರಡಿಯಲ್ಲಿ ಬೇರ್ಪಡಿಸಿ, ಪುಡಿಯನ್ನು ಹೊರಗಿಡಿ.

ಎರಡನೇ ಹಂತಕ್ಕೆ 310 ದರ್ಜೆಯ ಸ್ಟೀಲಿನ ಕೊಳವೆ ಬೇಕು. ಮಾಮೂಲಿ ಕಬ್ಬಿಣ 900°ಯಲ್ಲಿ ಪದರ ಪದರವಾಗಿ ಉದುರುತ್ತದೆ. ಕೆ ಮಾದರಿಯ ಥರ್ಮೋಕಪಲ್ಲಿನ ತುದಿ ಇದ್ದಿಲಿನ ನಡುವಿನಲ್ಲಿರಬೇಕು. ಒಲೆಯ ಗೋಡೆಗೆ ಅಂಟಿಸಿದ್ದು 900 ತೋರಿಸುವಾಗ ಒಳಗೆ ನೂರು ಡಿಗ್ರಿ ಕಡಿಮೆ ಇರುವುದು ಮಾಮೂಲು. ಹಬೆ ಕೊಳವೆಯನ್ನು ಒಲೆಯೊಳಗೆ ಸುರುಳಿ ಸುತ್ತಿಸಿಯೇ ಒಳಕ್ಕೆ ಬಿಡಿ. ಹನಿ ಹನಿ ನೀರಿರುವ ಒದ್ದೆ ಹಬೆ ಹೋದರೆ ಬಿಸಿ ಕುಸಿಯುತ್ತದೆ, ಇಂಗಾಲ ಮತ್ತು ಹಬೆಯ ಕ್ರಿಯೆ ತಾನಾಗಿಯೇ ಶಾಖ ಹೀರುವಂಥದ್ದು. 750° ಕೆಳಗೆ ಹೆಚ್ಚೇನೂ ನಡೆಯುವುದಿಲ್ಲ. ಹಾಕಿದಷ್ಟೇ ತೂಕ ಹೊರಬಂದರೆ ಅದು ಬರೀ ಇದ್ದಿಲು.

ತೂಕ ಅರ್ಧದಷ್ಟು ಇಳಿಯುವುದು ಗುರಿ. 10 ಕೆ.ಜಿ. ಇದ್ದಿಲಿನಲ್ಲಿ 5 ಕೆ.ಜಿ. ಉರಿದುಹೋಗಲು ಲೆಕ್ಕದ ಪ್ರಕಾರ 7.5 ಕೆ.ಜಿ. ಹಬೆ ಸಾಕು. ಬಹುಪಾಲು ಹಬೆ ಕ್ರಿಯೆಯಾಗದೆ ಹೊರಹೋಗುವುದರಿಂದ ಅದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಹೊರಬರುವ ಅನಿಲ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್. ಒಂದು ವಿಷ, ಇನ್ನೊಂದು ಸ್ಫೋಟಕ. ಕೊಳವೆಯ ತುದಿಯಲ್ಲಿ ಅದನ್ನು ಉರಿಸಿಯೇ ಬಿಡಬೇಕು, ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಸಲ್ಲದು. ಹಬೆ ಕೊಳವೆಗೆ ಹಿಂದಿರುಗದ ವಾಲ್ವ್ ಹಾಕಿ. ಬಾಯ್ಲರ್ ತಣ್ಣಗಾದಾಗ ನಿರ್ವಾತವಾಗಿ ಈ ಅನಿಲವನ್ನೇ ಹಿಂದಕ್ಕೆ ಎಳೆಯುತ್ತದೆ. ಮುಗಿದ ಮೇಲೆ ಪೂರ್ತಿ ತಣ್ಣಗಾಗುವವರೆಗೆ ಬಾಯಿ ತೆರೆಯಬೇಡಿ. ಮೇಲೆ ಕಪ್ಪಗಿದ್ದರೂ ಒಳಗೆ ಬಿಸಿ ಉಳಿದಿದ್ದರೆ ಗಾಳಿ ತಾಗಿದೊಡನೆ ಕೆಂಡವಾಗಿ, ಬೆಳಗಾಗುವಷ್ಟರಲ್ಲಿ ಬೂದಿ.

ಆಗಿದೆಯೋ ಇಲ್ಲವೋ?

ಅಯೋಡಿನ್ ಸಂಖ್ಯೆ ಸೂಕ್ಷ್ಮರಂಧ್ರದ ಅಳತೆ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಪರೀಕ್ಷೆ ಮಧ್ಯರಂಧ್ರದ ಕಡೆಗೆ ಬೆರಳು ತೋರಿಸುತ್ತದೆ. ಅಯೋಡಿನ್ ಪರೀಕ್ಷೆಗೆ 0.1 ನಾರ್ಮಲ್ ಅಯೋಡಿನ್, ಥಯೋಸಲ್ಫೇಟ್, ಬ್ಯೂರೆಟ್ ಸಾಕು, ರಸಾಯನಶಾಸ್ತ್ರ ವಿಭಾಗವಿರುವ ಯಾವುದೇ ಕಾಲೇಜಿನಲ್ಲಿ ಮಾಡಿಸಬಹುದು. ಭಾರತೀಯ ಮಾನಕ 877ರಲ್ಲಿ ಪರೀಕ್ಷಾ ವಿಧಾನಗಳಿವೆ. ನೀರಿನ ಫಿಲ್ಟರಿಗೆ ಮಾರುವ ಚಿಪ್ಪಿನ ಇಂಗಾಲದ ಅಯೋಡಿನ್ ಸಂಖ್ಯೆ ಸಾಮಾನ್ಯವಾಗಿ 900–1100 ಮಿ.ಗ್ರಾಂ/ಗ್ರಾಂ ಇರುತ್ತದೆ.

ಮನೆಯಲ್ಲೇ ನೋಡಬೇಕೆಂದರೆ 1 ಗ್ರಾಂ ಮೆಥಿಲೀನ್ ಬ್ಲೂ ಪುಡಿಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿ. ನುಣ್ಣಗೆ ಅರೆದ 0.1 ಗ್ರಾಂ ಇಂಗಾಲಕ್ಕೆ ಈ ದ್ರಾವಣ 5 ಮಿ.ಲೀ. ಹಾಕಿ ಅರ್ಧ ಗಂಟೆ ಕುಲುಕುತ್ತಿರಿ. ನೀಲಿ ಹೋದರೆ ಇನ್ನೊಂದು 5 ಮಿ.ಲೀ. ಒಂದೊಂದು ಸಲಕ್ಕೂ 50 ಮಿ.ಗ್ರಾಂ/ಗ್ರಾಂ ಎಂದು ಲೆಕ್ಕ. ಮೂರು ಸಲ ನೀಲಿ ಮಾಯವಾದರೆ ಬಣ್ಣ ತೆಗೆಯುವ ಕೆಲಸಕ್ಕೆ ಸಾಕು. ಮೊದಲ ಸಲಕ್ಕೇ ನೀಲಿ ಉಳಿದರೆ ಅದನ್ನು ತೋಟದ ಮಣ್ಣಿಗೆ ಸೇರಿಸಿ, ಇದ್ದಿಲಾಗಿ ಅಲ್ಲಾದರೂ ಉಪಯೋಗವಾದೀತು. ಆಮ್ಲ ವಿಧಾನದ್ದಾದರೆ ತೊಳೆದದ್ದನ್ನೇ ಪರೀಕ್ಷಿಸಿ.

ಪಲ್ಪರ್ ನೀರಿಗೆ ಎಷ್ಟು ಪುಡಿ ಬೇಕೆಂದು ಪುಸ್ತಕ ನೋಡಿ ಹೇಳಲಾಗದು. ಆರು ಬಾಟಲಿಗಳಲ್ಲಿ ಅದೇ ನೀರು ಒಂದೊಂದು ಲೀಟರ್ ತೆಗೆದುಕೊಂಡು 0, 0.25, 0.5, 1, 1.5, 2 ಗ್ರಾಂ ಹಾಕಿ, ಒಂದು ಗಂಟೆ ಕಲಕಿ, ಪಟಿಕದಲ್ಲಿ ಕೂರಿಸಿ ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಬಣ್ಣ ಇಳಿಯುವುದು ನಿಂತಲ್ಲಿಗೆ ಪ್ರಮಾಣ ಸಾಕು.

ಕೊಳ್ಳುವುದೇ ಮೇಲಾಗುವುದು ಯಾವಾಗ?

ಗಂಟೆಗೆ 300 ಲೀಟರ್ ಬಳಸುವ ಹೋಂಸ್ಟೇ ಎಂದುಕೊಳ್ಳಿ. ನೀರು ಇಂಗಾಲದೊಳಗೆ 10 ನಿಮಿಷ ಇರಬೇಕೆಂದರೆ 50 ಲೀಟರ್ ಹಾಸು, ತೂಕದಲ್ಲಿ ಸುಮಾರು 25 ಕೆ.ಜಿ. ಚಿಪ್ಪಿನಿಂದ ಇಷ್ಟು ಮಾಡಲು ಜರಡಿಯಲ್ಲಿ ಹೋಗುವ ಪುಡಿಯನ್ನೂ ಸೇರಿಸಿ 200 ಕೆ.ಜಿ.ಗೂ ಹೆಚ್ಚು ಚಿಪ್ಪು, 310 ಸ್ಟೀಲಿನ ಕೊಳವೆ, ಬಾಯ್ಲರ್ ಎಲ್ಲ ಬೇಕು. ಒಂದು ಟ್ಯಾಂಕಿಗಾಗಿ ಇದು ಹುಚ್ಚು ಸಾಹಸ. ಪೊಳ್ಳಾಚಿ ಕಡೆಯ ಚಿಪ್ಪಿನ ಇಂಗಾಲವನ್ನು ಚೀಲದಲ್ಲಿ ಕೊಂಡು ತನ್ನಿ. ಕೊಳ್ಳುವಾಗ ಅಯೋಡಿನ್ ಸಂಖ್ಯೆ, ಬೂದಿ, ತೇವ, ಮೆಶ್ (ಹರಳಿನ ಗಾತ್ರ ಹೇಳುವ ಜರಡಿಯ ಅಳತೆ) ನಾಲ್ಕನ್ನೂ ಬರೆದುಕೊಡಲು ಕೇಳಿ. ಹಾಸಿನಲ್ಲಿ ತುಂಬಲು 8×30 ಅಥವಾ 12×40 ಮೆಶ್. ಹಾಸು 75 ಸೆಂ.ಮೀ.ಗಿಂತ ಆಳವಿರಲಿ, ತುಂಬುವ ಮೊದಲು ರಾತ್ರಿಯಿಡೀ ನೆನೆಸಿ, ಕಪ್ಪು ನೀರು ನಿಲ್ಲುವವರೆಗೆ ಕೆಳಗಿನಿಂದ ಮೇಲಕ್ಕೆ ತೊಳೆಯಿರಿ.

ಸ್ವತಃ ಮಾಡುವುದು ಗಿಟ್ಟುವುದು ಪಾರ್ಚ್‌ಮೆಂಟ್ ಹೊಟ್ಟು ಕೈಗೆಟುಕುವಲ್ಲಿ ಇರುವ, ಪ್ರತಿ ವರ್ಷ ಪಲ್ಪರ್ ನೀರಿನ ಬಣ್ಣದ ತಲೆನೋವು ಇರುವ, ಆಮ್ಲ ಮರಳಿ ಬಳಸಲು ತೊಟ್ಟಿ ಕಟ್ಟಿಕೊಳ್ಳಬಲ್ಲ ದೊಡ್ಡ ಎಸ್ಟೇಟಿಗೋ ಕ್ಯೂರಿಂಗ್ ಘಟಕಕ್ಕೋ ಮಾತ್ರ. ಹತ್ತು ಎಕರೆಯ ತೋಟದವರು ಚೆರಿ ಹೊಟ್ಟನ್ನು ಗೊಬ್ಬರಕ್ಕೆ ಹಾಕಿ, ಇಂಗಾಲವನ್ನು ಅಂಗಡಿಯಿಂದ ತರಲಿ.

ದೊಡ್ಡ ಟ್ಯಾಂಕಿನಲ್ಲಿ ಇಂಗಾಲ ಬದಲಿಸುವವರು ಗಮನಿಸಬೇಕಾದ್ದು ಇನ್ನೊಂದಿದೆ. ಒದ್ದೆ ಸಕ್ರಿಯ ಇಂಗಾಲ ಗಾಳಿಯಲ್ಲಿನ ಆಮ್ಲಜನಕವನ್ನು ಹೀರುತ್ತದೆ. ಮುಚ್ಚಿದ ಟ್ಯಾಂಕಿನೊಳಗೆ ಕೂಲಿಯವನನ್ನು ಹಾಗೇ ಇಳಿಸಿದರೆ ಉಸಿರುಗಟ್ಟಿ ಬೀಳಬಹುದು. ಮೇಲಿನ, ಕೆಳಗಿನ ಮುಚ್ಚಳ ಎರಡನ್ನೂ ತೆರೆದು ಬ್ಲೋವರ್‌ನಿಂದ ಗಾಳಿ ಹಾಯಿಸಿ, ಹೊರಗೆ ಒಬ್ಬರು ಹಗ್ಗ ಹಿಡಿದು ನಿಂತ ಮೇಲೆಯೇ ಇಳಿಯಬೇಕು. ತೆಗೆದ ಹಳೇ ಇಂಗಾಲ ಕಾಫಿ ನೀರಿನ ಬಣ್ಣ ಹೀರಿದ್ದಾದರೆ ಗೊಬ್ಬರದ ಗುಂಡಿಗೆ ಹಾಕಬಹುದು. ಕೀಟನಾಶಕ ಹೀರಿದ್ದಾದರೆ ಅದು ತೋಟದ ಮಣ್ಣಿಗೆ ಸೇರಬಾರದು, ಅಪಾಯಕಾರಿ ತ್ಯಾಜ್ಯವೆಂದೇ ಬೇರೆ ಇಟ್ಟು ವಿಲೇವಾರಿ ಮಾಡಿಸಬೇಕು.